ಮಾವನ ಅಳತೆ

"ಯಾರಕ್ಕಾ ಇದಕ್ಕೆ ಚೂರಿ ಹಾಕಿದ್ದು?" ಹೆಣ ಇಡುವ ಫ್ರೀಜರ್ ಪೆಟ್ಟಿಗೆಯೊಳಗೆ ತಲೆ ತೂರಿಸಿದ್ದ ಮೆಕ್ಯಾನಿಕ್ ಸುಧಾಕರನ್ ಕೇಳಿದ.

ನಿವೇತಾ ಜನನಿಯ ಮುಖ ನೋಡಿದಳು. ಮಹಿಳಾ ಸಂಘದ ಅಧ್ಯಕ್ಷೆ ಜನನಿ ಸಮುದಾಯ ಭವನದ ಸೂರು ನೋಡಿದಳು. ಹೋದ ತಿಂಗಳು ಮದುವೆಯಲ್ಲಿ ಮಿಕ್ಕ ಐಸ್‌ಕ್ರೀಮನ್ನು ಸಂಘದ ಈ ಪೆಟ್ಟಿಗೆಯಲ್ಲೇ ಇಟ್ಟು, ಕಲ್ಲಾದದ್ದನ್ನು ಚೂರಿಯಿಂದ ಕೆತ್ತಿ ಹಟ್ಟಿಗೆಲ್ಲ ಹಂಚಿದ್ದರು. ಎಲ್ಲರೂ ಚಪ್ಪರಿಸಿಕೊಂಡು ತಿಂದಿದ್ದರು.

"ಚೂರಿ ತಾಗಿ ಪೈಪು ತೂತಾಗಿ ಗ್ಯಾಸು ಪೂರಾ ಹೋಗಿದೆ," ಎಂದ ಸುಧಾಕರನ್. " ಈ ಹಳೇ ಗ್ಯಾಸು ಆಕಾಶವನ್ನ ಕಾಯಿಸ್ತದೆ ಅಂತ ಸರ್ಕಾರ ವರ್ಷಾವರ್ಷ ಕಮ್ಮಿ ಮಾಡ್ತಾ ಬಂದಿದೆ. ಕೋತಗಿರಿಯಲ್ಲಿ ಇಲ್ಲೆ, ಊಟಿಯಲ್ಲೂ ಇಲ್ಲೆ. ಕೊಯಮತ್ತೂರಿಂದ ಬರೋತನಕ ಈ ಹಟ್ಟೀಲಿ ಯಾರೂ ಸಾಯಬಾರದು."

"ಮೆಲ್ಲಗೆ ಮಾತಾಡು," ಎಂದಳು ನಿವೇತಾ. ಆಸ್ಪತ್ರೆಯವರು ಅವಳ ಮಾವನನ್ನು ಮೊನ್ನೆಯಷ್ಟೇ ಮನೆಗೆ ಕಳಿಸಿದ್ದರು. ಇನ್ನು ಮಾಡುವುದೇನೂ ಉಳಿದಿಲ್ಲವೆಂದು ಡಾಕ್ಟರು ಅವಳೊಬ್ಬಳಿಗೇ ಹೇಳಿದ್ದರು. ನೆಂಟರೆಲ್ಲ ಬಂದು ಮುಖ ನೋಡುವವರೆಗೆ ಹೆಣ ಎತ್ತುವ ಪದ್ಧತಿಯಿಲ್ಲ. ಮಾವನ ನೆಂಟರೋ ನಡುವಟ್ಟದಿಂದ ದೆಲ್ಲಿಯವರೆಗೆ ಹಬ್ಬಿದ್ದರು.

"ಎಂತಕೆ ಮೆಲ್ಲಗೆ? ಎನ್ನ ಕಿವಿ ಇನ್ನೂ ಸತ್ತಿಲ್ಲೆ."

ಬಾಗಿಲಲ್ಲಿ ಮಾವ, ಬಿಳಿ ಶಾಲು ಹೊದ್ದು, ಏದುಸಿರು ಬಿಡುತ್ತ ನಿಂತಿದ್ದರು. ನಿವೇತಾ ಪೆಟ್ಟಿಗೆಗೆ ಅಡ್ಡ ನಿಂತಳು. "ಸುಮ್ಮನೆ ಸರ್ವೀಸು, ಮಾವಾ..."

"ಮೊನ್ನೆಯಿಂದ ಕೇಳದೇನೇ ಹಿಟ್ಟಿನ ಮುದ್ದೆ ಮೇಲೆ ತುಪ್ಪ ಸುರೀತಿದ್ದೀಯಲ್ಲ, ಆಗಲೇ ಗೊತ್ತಾತು." ಮಾವ ಸುಧಾಕರನ್ ಕಡೆ ತಿರುಗಿದರು. "ಆ ಗ್ಯಾಸು ಬೇಡ, ತಂಬಿ. ನಾ ಹೋಗೋದು ಆ ಆಕಾಶಕ್ಕೇ ತಾನೆ? ಅಲ್ಲೂ ಸೆಕೆಯಾದರೆ ಬದುಕೋದು ಹೆಂಗೆ?"

"ಹೊಸ ಗ್ಯಾಸಿನ ಪೆಟ್ಟಿಗೆ ನನ್ನ ಅಂಗಡೀಲೇ ಒಂದಿದೆ, ಬಾಡಿಗೆಗೆ ಕೊಡ್ತೀನಿ. ಆದರೆ ಅದು ಅಡುಗೆ ಗ್ಯಾಸಿನ ಜಾತಿ, ತಾತಾ. ಪಕ್ಕದಲ್ಲಿ ಬೀಡಿ ಸೇದಬಾರದು."

"ಹಂಗಾದರೆ ಎನ್ನ ತಮ್ಮ ನಂಜುಂಡನ್ ಹತ್ತಿರವೇ ಸುಳಿಯಲ್ಲೆ. ಅದನ್ನೇ ತಾ. ಉದ್ದ ಎಷ್ಟು?"

"ಇದರಷ್ಟೇ."

ಯಾರಾದರೂ ತಡೆಯುವ ಮೊದಲೇ ಮಾವ ಜನನಿಯ ಹೆಗಲು ಹಿಡಿದು ಪೆಟ್ಟಿಗೆಯೊಳಕ್ಕೆ ಕಾಲಿಟ್ಟು, ಮಲಗಿ, ಪಾದ ಚಾಚಿ ನೋಡಿದರು.

"ಸಾಕು," ಎಂದರು. ಏರು ಹತ್ತಿ ಬಂದ ಆಯಾಸಕ್ಕೆ ಕಣ್ಣು ಹಾಗೆಯೇ ಮುಚ್ಚಿಕೊಂಡಿತು.

ಎಬ್ಬಿಸಲು ಯಾರಿಗೂ ಧೈರ್ಯವಾಗಲಿಲ್ಲ. ಸುಧಾಕರನ್ ಗಾಜಿನ ಮುಚ್ಚಳವನ್ನು ಎರಡೂ ಕೈಯಲ್ಲಿ ಓರೆಯಾಗಿ ಹಿಡಿದುಕೊಂಡೇ ನಿಂತ. ಮಾವನ ಮುಖದ ಮೇಲಿನ ಗಾಜಿನಲ್ಲಿ ಅಂಗೈಯಗಲ ಉಸಿರಿನ ಮಂಜು ಕಟ್ಟಿತು, ಆರಿತು. ನಿವೇತಾ ಬಗ್ಗಿ, ಮತ್ತೆ ಕಟ್ಟುವುದನ್ನು ಕಾದಳು. ಕಟ್ಟಿತು.