ನಮ್ಮ ಪಾಳಿಯ ರೊಟ್ಟಿ

ನದಿ ಹೆಪ್ಪುಗಟ್ಟಿದ ಮೇಲೆ ದೊರೆಯ ಗಿರಣಿ ನಿಂತುಹೋಯಿತು. ಚಕ್ರದ ಹಲಗೆಗಳನ್ನು ಮಂಜುಗಡ್ಡೆ ಕಚ್ಚಿ ಹಿಡಿದಿತ್ತು. ಊರಿನವರೆಲ್ಲ ಗೋಧಿಯನ್ನು ಇಡಿಯಾಗಿ ಬೇಯಿಸಿ ತಿನ್ನುತ್ತಿದ್ದೆವು. ಮನೆಯಲ್ಲಿ ಬೀಸುವಂತಿಲ್ಲ, ಕಾಳು ಹಿಟ್ಟಾಗಬೇಕಾದರೆ ದೊರೆಯ ಗಿರಣಿಯಲ್ಲೇ ಆಗಬೇಕು, ಅದರಲ್ಲಿ ದೊರೆಯ ಪಾಲು ಕೊಡಬೇಕು. ಹೋದ ವರ್ಷ ಗೆರ್ಬೋನ ಮನೆಯಲ್ಲಿ ಬೀಸುಕಲ್ಲು ಸಿಕ್ಕಿತು. ಅವನನ್ನು ಕೋಟೆಯೊಳಗೆ ಕರೆದೊಯ್ದರು. ಈಸ್ಟರ್ ಹೊತ್ತಿಗೆ ಅವನ ಹೆಂಡತಿಗೆ ತಿರುಗಿ ಬಂದದ್ದು ಅವನ ಬೂಟುಗಳು ಮಾತ್ರ.

ನಮ್ಮ ಬೀಸುಕಲ್ಲನ್ನು ಹಂದಿಗೂಡಿನ ಹುಲ್ಲಿನಡಿಯಲ್ಲಿ ಹೂತಿಟ್ಟಿದ್ದೆವು. ಅದು ನನ್ನ ಅತ್ತೆ ಹೆರ್ಸಾಂಡ್ ಮದುವೆಯಾಗಿ ಬಂದಾಗ ತವರಿನಿಂದ ತಂದದ್ದು. ಅತ್ತೆ, ನಾನು, ನನ್ನ ಗಂಡ ಗಿಯೋ ಬಿಟ್ಟರೆ ಅದರ ವಿಷಯ ಯಾರಿಗೂ ತಿಳಿದಿರಲಿಲ್ಲ.

ಆ ಭಾನುವಾರ ಇಗರ್ಜಿಗೆ ರೊಟ್ಟಿ ಒಯ್ಯುವ ಪಾಳಿ ನಮ್ಮದು. ವಾರಕ್ಕೊಂದು ಮನೆಯವರು ರೊಟ್ಟಿ ತರಬೇಕು; ಪಾದ್ರಿಗಳು ಅದನ್ನು ಹರಸಿ, ಮುರಿದು, ಎಲ್ಲರಿಗೂ ಹಂಚುತ್ತಾರೆ. ಹಿಂದಿನ ವಾರ ನೆರೆಮನೆಯ ಮಾಯೋ ಮಡಕೆಯ ತಳ ಕೆರೆದು ಅಂಗೈಯಗಲದ ರೊಟ್ಟಿ ತಂದಿದ್ದಳು. ಗಿಯೋ ಕೋಟೆಯ ಕಂದಕದ ಮಂಜುಗಡ್ಡೆ ಒಡೆಯುವ ಬಿಟ್ಟಿ ಚಾಕರಿಗೆ ಹೋಗಿದ್ದ. ಭಾನುವಾರ ಪೂಜೆ ಮುಗಿದ ಮೇಲೆ ಬಿಡುತ್ತಾರೆ ಎಂದು ಹೇಳಿ ಹೋಗಿದ್ದ.

"ಹಿಟ್ಟಿಲ್ಲ ಅಂತ ಪಾದ್ರಿಗಳಿಗೆ ಹೇಳಿಬಿಡೋಣ ಅತ್ತೆ," ಎಂದು ಹಿಂದಿನ ದಿನ ಹೇಳಿದೆ.

"ನಿಮ್ಮಪ್ಪನ ಮನೇಲಿ ಹೇಳ್ತಿದ್ರೇನೋ ಹಾಗೆ. ನಿಮ್ಮ ಮಾವ ಸತ್ತ ವಾರಾನೂ ನಾನು ರೊಟ್ಟಿ ಹೊತ್ಕೊಂಡು ಹೋಗಿದೀನಿ."

"ಬೀಸೋ ಸದ್ದು ಯಾರಿಗಾದ್ರೂ ಕೇಳಿಸಿದ್ರೆ?"

"ಕಮ್ಮಾರ ಬಡಿಯೋವಾಗ ಬೀಸ್ತೀನಿ, ಅವನು ನಿಲ್ಲಿಸಿದಾಗ ನಿಲ್ಲಿಸ್ತೀನಿ. ನೀನು ಬಾಗಿಲಲ್ಲಿ ನಿಂತ್ಕೊ. ಹೆದರೋದಂತೂ ನಿಂಗೆ ಚೆನ್ನಾಗಿ ಬರುತ್ತೆ, ಇವತ್ತಾದ್ರೂ ಉಪಯೋಗಕ್ಕೆ ಬರ್ಲಿ."

ಬಾಗಿಲಲ್ಲಿ ನಿಂತು ನಾನು ಸುತ್ತಿಗೆಯ ಸದ್ದನ್ನೇ ಆಲಿಸುತ್ತಿದ್ದೆ. ದಾರಿಯಲ್ಲಿ ಯಾರೂ ಸುಳಿಯಲಿಲ್ಲ. ಅತ್ತೆ ಹಿಟ್ಟು ಜರಡಿ ಹಿಡಿದು, ನಾದಿ, ದುಂಡನೆಯ ದೊಡ್ಡ ರೊಟ್ಟಿ ಸುಟ್ಟರು.

ಮರುದಿನ ಇಗರ್ಜಿಯಲ್ಲಿ ರೊಟ್ಟಿಯ ಮೇಲಿನ ಬಟ್ಟೆ ಸರಿಸಿದಾಗ ಹೊಸ ರೊಟ್ಟಿಯ ವಾಸನೆ ಕಟ್ಟಕಡೆಯ ಸಾಲಿನವರೆಗೂ ಹೋಯಿತು. ಕೆಮ್ಮುತ್ತಿದ್ದವರೂ ಸುಮ್ಮನಾದರು. ಸದ್ದು ಬಚ್ಚಿಡುವ ಗಡಿಬಿಡಿಯಲ್ಲಿ ನಾವು ರೊಟ್ಟಿಯ ಬಗ್ಗೆ ಯೋಚಿಸಿಯೇ ಇರಲಿಲ್ಲ ಎಂಬುದು ನನಗೆ ಆಗ ಹೊಳೆಯಿತು. ಗಿರಣಿ ನಿಂತ ಊರಿನಲ್ಲಿ ಇಷ್ಟು ದೊಡ್ಡ ರೊಟ್ಟಿ!

"ಹೆರ್ಸಾಂಡಕ್ಕ, ನಿಮ್ಮನೆ ಹಿಟ್ಟಿನ ಮಡಕೆಗೆ ತಳಾನೇ ಇಲ್ವಾ?" ಎಂದು ಮಾಯೋ ಪಿಸುಗುಟ್ಟಿದಳು.

ಮೊದಲ ತುಂಡು ಹೋದದ್ದು ಕೋಟೆಯ ಪಾರುಪತ್ಯಗಾರ ರೆನಿಯೆಗೆ. ಅವನು ನಿಧಾನವಾಗಿ ಅಗಿದ. ನಡುವೆ ನಿಲ್ಲಿಸಿ, ನಾಲಿಗೆಯ ತುದಿಯಿಂದ ಏನನ್ನೋ ಬೆರಳಿಗೆ ತೆಗೆದುಕೊಂಡು ಕಿಟಕಿಯ ಬೆಳಕಿಗೆ ಹಿಡಿದು ನೋಡಿದ. ಮನೆಯ ಬೀಸುಕಲ್ಲಿನಿಂದ ಉದುರುವಂಥ ಕಲ್ಲಿನ ಕಣ.

ಪೂಜೆ ಮುಗಿದು ಹೊರಗೆ ಬಂದಾಗ ಅವನು ನಮ್ಮ ಬಳಿಗೇ ಬಂದ. "ಒಳ್ಳೆ ರೊಟ್ಟಿ ಅಜ್ಜಿ. ಯಾವಾಗಿನ ಹಿಟ್ಟು?"

"ಕ್ರಿಸ್‌ಮಸ್ಸಿಂದು ಬುದ್ಧಿ. ನಿಮ್ಮ ಗಿರಣೀದೇ."

"ಹೌದಾ? ನಮ್ಮ ಗಿರಣಿಯೋನಿಗೆ ಇಷ್ಟು ಚೆನ್ನಾಗಿ ಬೀಸೋಕೆ ಬರುತ್ತೆ ಅಂತ ನಂಗೇ ಗೊತ್ತಿರ್ಲಿಲ್ಲ." ಅವನು ನಕ್ಕ. ಉಳಿದ ತುಂಡನ್ನು ತಿನ್ನದೆ ಕೈಗವಸಿನೊಳಗೆ ತುರುಕಿಕೊಂಡ. "ನಿಮ್ಮ ಗಿಯೋ ಒಳ್ಳೆ ಕೆಲಸಗಾರ. ನಮ್ಮ ಹತ್ರಾನೇ ಇದಾನೆ."

ಮಧ್ಯಾಹ್ನ ಚಾಕರಿಗೆ ಹೋದವರೆಲ್ಲ ಮರಳಿದರು. ಗಿಯೋ ಬರಲಿಲ್ಲ. ಕಮ್ಮಾರನ ತಮ್ಮನನ್ನು ಕೇಳಿದೆ. "ಅವನನ್ನ ಹೆಸರು ಹಿಡಿದು ಕರೆದ್ರು ತಂಗಿ. ಯಾಕೆ, ಎತ್ತ, ನಾವು ಕೇಳ್ಲಿಲ್ಲ," ಎಂದ. ನನ್ನ ಮುಖ ನೋಡದೆ ಹೊರಟುಹೋದ.

ಅತ್ತೆ ಒಲೆಯ ಮುಂದೆ ಕುಳಿತಿದ್ದರು. ಒಮ್ಮೆಲೇ ಎದ್ದು ಗುದ್ದಲಿ ತೆಗೆದುಕೊಂಡರು.

"ಕಲ್ಲು ಕೊಟ್ಟು ಮಗನ್ನ ತರ್ತೀನಿ."

"ಅವರು ಕಲ್ಲು ಕೇಳೇ ಇಲ್ಲ ಅತ್ತೆ. ಸಂಜೆವರೆಗಾದ್ರೂ ನೋಡೋಣ. ಅವರ ಹತ್ರ ಇರೋದು ಒಂದು ಚೂರು ರೊಟ್ಟಿ ಅಷ್ಟೇ."

"ಬಾಯಿಬಿಟ್ಟು ಕೇಳ್ಬೇಕಾ? ನಮ್ಮ ಹತ್ರಾನೇ ಇದಾನೆ ಅಂದ್ನಲ್ಲ! ಗೆರ್ಬೋನ ಹೆಂಡತೀನೂ ಸಂಜೆವರೆಗೆ ನೋಡೋಣ ಅಂತಾನೇ ಕೂತಿದ್ಳು."

ನಾನೂ ಹಂದಿಗೂಡಿಗೆ ಹೋಗಿ ಹುಲ್ಲು ಸರಿಸಿದೆ. ಎರಡೂ ಕಲ್ಲುಗಳನ್ನು ಸೌದೆಯ ಜಾರುಬಂಡಿಗೆ ಕಟ್ಟಿ, ಹಿಮದ ಮೇಲೆ ಇಬ್ಬರೂ ಎಳೆದುಕೊಂಡು ಹೋದೆವು. ಬಾಗಿಲುಗಳು ಒಂದೊಂದಾಗಿ ಮುಚ್ಚಿಕೊಂಡವು.

ಕೋಟೆಯ ಬಾಗಿಲಿಗೆ ರೆನಿಯೆ ತಾನೇ ಇಳಿದು ಬಂದ. ಕಲ್ಲುಗಳನ್ನು ಬಹಳ ಹೊತ್ತು ನೋಡಿದ.

"ಯಾರದು ಇದು?"

"ನಮ್ದೇ ಬುದ್ಧಿ. ತಗೊಳ್ಳಿ, ಒಡೆದು ಹಾಕಿ. ನನ್ನ ಮಗನ್ನ ಬಿಟ್ಬಿಡಿ."

"ನಮ್ದೇ ಅಂತ ಪಾದ್ರಿಗಳ ಮುಂದೇನೂ ಹೇಳ್ತೀಯಾ?"

"ಶಿಲುಬೆ ಮುಟ್ಟಿ ಹೇಳ್ತೀನಿ."

ಅವನು ತಲೆಯಾಡಿಸಿದ. "ನಿನ್ನ ಮಗನ್ನ ಹಿಡಿದೋರು ಯಾರು ಅಜ್ಜಿ? ಗಿರಣಿ ಚಕ್ರದ ಮಂಜು ಕಡಿ ಅಂತ ನದಿಗೆ ಕಳ್ಸಿದೀನಿ. ಒಳ್ಳೆ ಕೆಲಸಗಾರ ಅಂತ ನಿಂಗೆ ಹೇಳಿದ್ನಲ್ಲ." ಆಮೇಲೆ ಕಾವಲಿನವನ ಕಡೆಗೆ ತಿರುಗಿದ. "ಕೇಳಿಸ್ಕೊಂಡ್ಯಲ್ಲ? ಮನೆ ಯಜಮಾನ ಗಿಯೋ. ಕಲ್ಲು ಅವನದು."

ಅತ್ತೆ ಜಾರುಬಂಡಿಯ ಹಗ್ಗವನ್ನು ಕೈಗೆ ಸುತ್ತಿಕೊಂಡು ಹಿಂದಕ್ಕೆ ಎಳೆದರು. ಕಾವಲಿನವನು ಅದರ ಮೇಲೆ ಕಾಲಿಟ್ಟ.

ಅಷ್ಟರಲ್ಲಿ ನದಿಯ ದಾರಿಯಿಂದ ಗಿಯೋ ಮೇಲೇರಿ ಬರುವುದು ಕಾಣಿಸಿತು. ಹೆಗಲ ಮೇಲೆ ಕೊಡಲಿಯಿತ್ತು, ಗಡ್ಡವೆಲ್ಲ ಬೆಳ್ಳಗಾಗಿತ್ತು. ನಮ್ಮನ್ನು ಕಂಡು ಕೈ ಎತ್ತಿದ.

"ಅಮ್ಮಾ, ಚಕ್ರ ತಿರುಗ್ತು! ನಾಳೆ ಊರಿಗೆಲ್ಲ ಹಿಟ್ಟು!" ಎಂದು ಕೂಗಿದ.

ನಮ್ಮ ಹಿಂದಿದ್ದ ಜಾರುಬಂಡಿ ಅವನಿಗಿನ್ನೂ ಕಂಡಿರಲಿಲ್ಲ. ಓಡಿಹೋಗು ಎಂದು ಕೂಗಲು ಉಸಿರೆಳೆದುಕೊಂಡೆ. ರೆನಿಯೆ ನನ್ನ ಬಾಯಿಯನ್ನೇ ನೋಡುತ್ತಿದ್ದ; ಕೂಗಿದರೆ ಕಲ್ಲಿನ ವಿಷಯ ಗಿಯೋಗೂ ಗೊತ್ತಿತ್ತು ಎಂದು ನಾನೇ ಒಪ್ಪಿಕೊಂಡಂತಾಗುತ್ತಿತ್ತು. ಗಿಯೋ ಕೊಡಲಿಯನ್ನು ಇನ್ನೊಂದು ಹೆಗಲಿಗೆ ಬದಲಾಯಿಸಿಕೊಂಡು, ನಗುತ್ತಲೇ ಬಾಗಿಲಿನ ಕಡೆಗೆ ನಡೆದು ಬಂದ.