ವಾಸನೆಯಿಲ್ಲದ ಗಾಳಿ

ಸಾಬೂನು ಕಾರ್ಖಾನೆಯಲ್ಲಿ ಪರಿಮಳ ಬೆರೆಸುವ ಕೆಲಸದಲ್ಲೇ ಆಯುಷ್ಯದ ಬಹುಪಾಲನ್ನು ಕಳೆದ ಅವರನ್ನು ಜೊತೆಯವರು ಮೂಗುರಾಯರೆಂದೇ ಕರೆಯುತ್ತಿದ್ದರು. ಒಂದು ಸೀಸೆಯಿಂದ ಇನ್ನೊಂದಕ್ಕೆ ಹೋಗುವ ಮುನ್ನ ಮೂಗಿಗೆ ವಿಶ್ರಾಂತಿ ಬೇಕು. ಇಲ್ಲವಾದರೆ ಹಿಂದಿನದರ ನೆರಳು ಮುಂದಿನದರ ಮೇಲೆ ಬೀಳುತ್ತದೆ. ಅದಕ್ಕಾಗಿ ಕೆಲವರು ತಮ್ಮ ಅಂಗಿಯ ತೋಳನ್ನೇ ಮೂಸುವುದುಂಟು. ಮೂಗುರಾಯರು ಮೇಜಿನ ಖಾನೆಯಲ್ಲಿ ಹೆಂಡತಿಯ ಹಳೆಯ ಹತ್ತಿಯ ಶಾಲಿನ ತುಂಡೊಂದನ್ನು ಇಟ್ಟುಕೊಂಡಿದ್ದರು. ಅದನ್ನು ಮೂಸಿದರೆ ಮೂಗು ಒಮ್ಮೆ ಮನೆಗೆ ಹೋಗಿ ಬಂದಂತೆ. ಅದರಲ್ಲಿ ಏನು ವಾಸನೆಯಿದೆ ಎಂದು ಯಾರಾದರೂ ಕೇಳಿದರೆ, ಏನೂ ಇಲ್ಲ, ಅದಕ್ಕೇ ಇಟ್ಟುಕೊಂಡಿರುವುದು ಎನ್ನುತ್ತಿದ್ದರು. ತುಂಡು ಸವೆದಾಗ ಆಕೆ ತಾನು ಹೊದ್ದು ಮೆತ್ತಗಾದ ಮತ್ತೊಂದರಿಂದ ಕತ್ತರಿಸಿ ಕೊಡುತ್ತಿದ್ದಳು. ತನ್ನ ಶಾಲುಗಳನ್ನೆಲ್ಲ ಗಂಡನ ಮೂಗೇ ತಿಂದುಹಾಕಿತೆಂದು ಬಂದವರೆದುರು ದೂರುತ್ತಿದ್ದಳು.

ಕಾರ್ಖಾನೆಗೆ ಹೊಸ ಮೇಲಧಿಕಾರಿ ಬಂದ ಮೇಲೆ ಮೂಗುರಾಯರ ಎರಡು ಮಿಶ್ರಣಗಳು ತಿರಸ್ಕೃತವಾದವು. ಮೂಗಿಗೂ ವಯಸ್ಸಾಗುತ್ತದಲ್ಲವೇ ಎಂದು ಆತ ವಿನಯದಿಂದಲೇ ಹೇಳಿ ಹಾರ ಹಾಕಿ ಕಳುಹಿಸಿದ. ಆ ಮಾತು ಅವರ ಎದೆಯಲ್ಲಿ ಮುಳ್ಳಾಗಿ ಉಳಿಯಿತು.

ಹೆಂಡತಿಗೆ ಬಹುಕಾಲದ ಉಬ್ಬಸ. ಎದುರಿಗೆ ಹೊಸ ಕಟ್ಟಡ ಏಳತೊಡಗಿದಂದಿನಿಂದ ಸಿಮೆಂಟಿನ ಧೂಳು ಕಿಟಕಿಯ ಸರಳುಗಳ ಮೇಲೆ ಬೂದಿಯಂತೆ ಕೂರುತ್ತಿತ್ತು. ಗಾಳಿ ಶುದ್ಧಮಾಡುವ ಯಂತ್ರವೊಂದನ್ನು ತರಬೇಕೆಂದು ದೂರದಲ್ಲಿದ್ದ ಮಗಳು ಫೋನಿನಲ್ಲಿ ಹೇಳಿದಳು. ದಪ್ಪ ಫಿಲ್ಟರ್ ಇರಬೇಕು, ಕೋಣೆಯ ಅಳತೆಗೆ ಸಾಲಬೇಕು, ಓಝೋನ್ ಬಿಡುವಂಥದ್ದಾಗಿರಬಾರದು ಎಂದೆಲ್ಲ ವಿವರಿಸಿ, ತಾನು ಬರುವವರೆಗೆ ತಡೆಯಲು ಕೇಳಿಕೊಂಡಳು. ಗಾಳಿಯನ್ನು ಆರಿಸುವುದಕ್ಕೂ ತನಗೆ ಮಗಳ ಸಹಾಯ ಬೇಕೇ ಎಂದು ಮೂಗುರಾಯರು ಮರುದಿನವೇ ಅಂಗಡಿಗೆ ಹೋದರು.

ಅಂಗಡಿಯವನು ಎರಡು ಯಂತ್ರಗಳನ್ನು ಹಚ್ಚಿ ತೋರಿಸಿದ. ಮೊದಲನೆಯದರೊಳಗೆ ಮಡಿಕೆ ಮಡಿಕೆಯಾದ ಬಿಳಿಯ ಫಿಲ್ಟರ್ ಇತ್ತು, ಅದರ ಹಿಂದೆ ವಾಸನೆ ಹೀರುವ ಇದ್ದಿಲಿನ ಒಂದು ಪದರ. ಮೂಗುರಾಯರು ಬಾಗಿ ಮೂಸಿದರು, ಏನೂ ಇಲ್ಲ. ಎರಡನೆಯದು ಅಂಗೈಯಗಲದ್ದು. ಅದರ ಬಾಯಿಂದ ಸಿಡಿಲು ಹೊಡೆದು ಹೋದ ಮೇಲಿನ ಆಕಾಶದಂತಹ ತೀಕ್ಷ್ಣವಾದ, ತೊಳೆದಿಟ್ಟ ವಾಸನೆ ಬರುತ್ತಿತ್ತು. ಅವರು ಕಣ್ಣು ಮುಚ್ಚಿದರು. ಬಹಳ ದಿನಗಳ ಮೇಲೆ ಮೂಗು ತಡವರಿಸದೆ ಒಂದು ತೀರ್ಪು ಕೊಟ್ಟಿತ್ತು.

ಗಂಧವೆಂಬುದು ಮಣ್ಣಿನ ಗುಣ. ಗಾಳಿಗೆ ತನ್ನದೇ ವಾಸನೆಯಿಲ್ಲ, ಇನ್ನೊಂದರದನ್ನು ಅದು ಹೊತ್ತು ತರುತ್ತದಷ್ಟೆ ಎಂದು ಹಿಂದಿನವರು ವಿವೇಚಿಸಿದ್ದಾರೆ. ಅದು ಏನನ್ನು ಹೊತ್ತು ತರುತ್ತಿದೆಯೆಂದು ಮೂಗುರಾಯರು ಕೇಳಿಕೊಳ್ಳಲಿಲ್ಲ.

ಎರಡನೆಯ ಯಂತ್ರವನ್ನೇ ಕೊಂಡು ತಂದು ಹೆಂಡತಿಯ ತಲೆದಿಂಬಿನ ಬಳಿ ಇಟ್ಟು, ಕಿಟಕಿಗಳನ್ನು ಭದ್ರವಾಗಿ ಮುಚ್ಚಿದರು. ಹೇಗಿದೆ ಎಂದು ಕೇಳಿದಾಗ ಆಕೆ ಗಂಡನ ಮುಖವನ್ನೇ ನೋಡಿ, ಬೆಟ್ಟದ ಮೇಲೆ ಮಲಗಿದ ಹಾಗಿದೆ ಎಂದಳು. ಕೆಲವೇ ದಿನಗಳಲ್ಲಿ ಗಂಟಲು ಕೆರೆಯತೊಡಗಿತು, ಕೆಮ್ಮು ಬಿಗಿಯಾಯಿತು. ಕೆಮ್ಮು ಹೆಚ್ಚಿದಷ್ಟೂ ಅವರು ಯಂತ್ರದ ಗುಂಡಿಯನ್ನು ಮೇಲಕ್ಕೆ ತಿರುಗಿಸಿದರು. ಅವರು ಹಾಲು ತರಲು ಹೋದಾಗ ಮಾತ್ರ ಆಕೆ ಎದ್ದು ಅದನ್ನು ಆರಿಸಿ, ಕಿಟಕಿಯನ್ನು ತುಸು ತೆರೆದು, ಮೆಟ್ಟಿಲ ಮೇಲೆ ಅವರ ಚಪ್ಪಲಿಯ ಸದ್ದಾದೊಡನೆ ಮತ್ತೆ ಹಚ್ಚುತ್ತಿದ್ದಳು. ಇದು ಅವರಿಗೆ ತಿಳಿದದ್ದು ಬಹಳ ತಡವಾಗಿ.

ಒಂದು ಬೆಳಿಗ್ಗೆ ಆಕೆಯ ಉಸಿರು ಸಿಕ್ಕಿಕೊಂಡು ತುಟಿ ನೀಲಿಯಾಯಿತು. ಆಸ್ಪತ್ರೆಯಲ್ಲಿ ಉಸಿರು ಸ್ವಲ್ಪ ಹದಕ್ಕೆ ಬಂದ ಮೇಲೆ, ಮನೆಯಲ್ಲಿ ಹೊಸದೇನಾದರೂ ಬಂದಿದೆಯೇ ಎಂದು ಡಾಕ್ಟರಮ್ಮ ವಿಚಾರಿಸಿದರು. ಮೂಗುರಾಯರು ತುಸು ಹೆಮ್ಮೆಯಿಂದಲೇ ಯಂತ್ರವನ್ನೂ ಅದರ ವಾಸನೆಯನ್ನೂ ಬಣ್ಣಿಸಿದರು.

ಡಾಕ್ಟರಮ್ಮ ಬರೆಯುವುದನ್ನು ನಿಲ್ಲಿಸಿದರು. "ಅದು ಶುದ್ಧಗಾಳಿಯ ವಾಸನೆ ಅಲ್ಲ ಯಜಮಾನ್ರೇ, ಓಝೋನ್‌ದು. ಆಕಾಶದಲ್ಲಿ ಎತ್ತರದಲ್ಲಿದ್ದರೆ ಅದು ನಮ್ಮನ್ನ ಕಾಯುತ್ತೆ, ಎದೆಯೊಳಗೆ ಹೋದರೆ ಸುಡುತ್ತೆ. ಇವರದ್ದು ಮೊದಲೇ ಸೋತ ಶ್ವಾಸಕೋಶ. ಒಳ್ಳೆ ಯಂತ್ರಕ್ಕೆ ವಾಸನೆನೇ ಇರಬಾರದು."

ಅಂಗಡಿಯಲ್ಲಿ ವಾಸನೆ ಏನೂ ಇಲ್ಲವೆಂದು ತಾವು ಬಿಟ್ಟು ಬಂದದ್ದೇ ಬೇಕಾಗಿದ್ದ ಯಂತ್ರವೆಂದು ಅವರಿಗೆ ಅರಿವಾಯಿತು. ಹಾಸಿಗೆಯ ಬಳಿ ಬಂದು ಕುಳಿತರು.

"ನಿನಗೆ ತಿಳಿದಿತ್ತಾ?"

"ಎದೆಗೆ ತಿಳಿಯದೆ ಇರುತ್ತದಾ?"

"ಮತ್ತೆ ಯಾಕೆ ಹೇಳಲಿಲ್ಲ?"

ಆಕೆ ಉಸಿರಿಗಾಗಿ ಕಾದು, ಮೆಲ್ಲಗೆ ನಕ್ಕಳು. "ಆ ಕಾರ್ಖಾನೆಯವರು ಹೇಳಿದ್ದು ಸಾಲದು ಅಂತ ನಾನೂ ಹೇಳಬೇಕಿತ್ತೇನ್ರೀ, ನಿಮ್ಮ ಮೂಗು ಕೆಟ್ಟಿದೆ ಅಂತ?"

ಅವರು ಶಾಲನ್ನು ಆಕೆಯ ಹೆಗಲಿನವರೆಗೆ ಎಳೆದು ಹೊದಿಸಿದರು.

ಮಗಳು ಬಂದು ಹಳೆಯ ಯಂತ್ರವನ್ನು ಹೊರಗೆ ಹಾಕಿ, ಬಿಳಿಯ ಫಿಲ್ಟರಿನದನ್ನು ತಂದಿಟ್ಟಳು. ತಾಯಿ ಮನೆಗೆ ಮರಳಿದಳು, ಕೆಮ್ಮು ಸಡಿಲವಾಯಿತು. ಯಂತ್ರ ಹಚ್ಚಿದಾಗಲೆಲ್ಲ, "ಏನು ಹೇಳುತ್ತೆ ಮೂಗು?" ಎಂದು ಗಂಡನನ್ನು ಕೆಣಕುತ್ತಿದ್ದಳು. ಏನೂ ಇಲ್ಲ ಎಂದು ಅವರು ಉತ್ತರಿಸಿದರೆ, ಹಾಗಿದ್ದರೆ ಸರಿಯಾಗಿದೆ ಎಂದು ಕಣ್ಣು ಮುಚ್ಚುತ್ತಿದ್ದಳು. ಆದರೆ ಕಳೆದುಹೋದ ಬಲ ತಿರುಗಿ ಬರಲಿಲ್ಲ. ಕಾಯಿಲೆ ಹಳೆಯದು, ಯಂತ್ರವೊಂದರ ಮೇಲೇ ಎಲ್ಲವನ್ನೂ ಹೊರಿಸಬೇಡಿ ಎಂದು ಡಾಕ್ಟರಮ್ಮ ಸಮಾಧಾನ ಹೇಳಿದ್ದರು. ಚಳಿ ಕಳೆಯುವ ಮೊದಲೇ, ಮಗಳ ಕೈಯಿಂದ ನೀರು ಕುಡಿದು ಮಲಗಿದ ಒಂದು ಮಧ್ಯಾಹ್ನ, ಆಕೆ ತೀರಿಕೊಂಡಳು.

ಬಂದವರೆಲ್ಲ ಹೋದ ಮೇಲೆ ಮೂಗುರಾಯರು ಆ ಕೋಣೆಗೆ ಹೋದರು. ಯಂತ್ರ ತನ್ನ ಪಾಡಿಗೆ ತಾನು ಗುಂಯ್‌ಗುಡುತ್ತಿತ್ತು. ಅದನ್ನು ಆರಿಸಬೇಕೆಂದು ಯಾರಿಗೂ ತೋಚಿರಲಿಲ್ಲ. ದಿಂಬನ್ನು ಮೂಸಿದರು. ಮಂಚದ ಮೇಲೆ ಮಡಿಸಿಟ್ಟಿದ್ದ ಶಾಲನ್ನು ಎತ್ತಿ ಮುಖಕ್ಕೆ ಒತ್ತಿಕೊಂಡರು. ಏನೂ ಇಲ್ಲ.

ಆ ಇದ್ದಿಲಿನ ಪದರವು ತನ್ನ ಧರ್ಮದಂತೆ ಕೆಲಸ ಮಾಡಿ ಆಕೆಯನ್ನೂ ಹೀರಿಕೊಂಡಿತೋ, ಕಾರ್ಖಾನೆಯವರು ಹೇಳಿದಂತೆ ಮೂಗೇ ಸತ್ತಿತೋ, ತಿಳಿಯಲಿಲ್ಲ. ಇಲ್ಲವೇ ಆಕೆ ಇನ್ನೂ ಆ ಬಟ್ಟೆಯಲ್ಲಿ ಎಂದಿನಂತೆಯೇ ಇದ್ದಿರಬಹುದು. ಜೀವಮಾನವಿಡೀ ಆ ವಾಸನೆಯನ್ನೇ ಏನೂ ಅಲ್ಲವೆಂದು ಲೆಕ್ಕವಿಟ್ಟು, ಅದರ ಮೇಲೆ ನಿಂತು ಉಳಿದ ವಾಸನೆಗಳನ್ನೆಲ್ಲ ಗುರುತಿಸಿದವರು ಅವರು. ಈಗ ಅದೊಂದನ್ನು ಗುರುತಿಸುವ ದಾರಿ ಅವರಿಗೆ ಗೊತ್ತಿರಲಿಲ್ಲ.

ಮಗಳು ಬಾಗಿಲಿಗೆ ಬಂದು, "ಅಪ್ಪ, ಅದನ್ನ ಆರಿಸಲಾ?" ಎಂದಳು.

ಅವರು ಶಾಲನ್ನು ಮಗಳ ಕೈಗೆ ಕೊಟ್ಟರು.

"ನೀನೊಂದು ಸಲ ಮೂಸಿ ನೋಡು," ಎಂದರು. "ಅಮ್ಮ ಇದ್ದಾಳಾ ಹೇಳು."