ಐಸ್ ಹಾಕಿದ ಟೀ

ಶಿಡ್ಲಘಟ್ಟದಲ್ಲಿ ರೇಷ್ಮೆಗೂಡು ಮಾರಿ ದಣಿದು ಬರುವ ಗಂಡ ಚನ್ನಕೇಶವನಿಗೆಂದು ಅಮ್ಮಾಜಮ್ಮ ಬೇಸಿಗೆಯಲ್ಲೆಲ್ಲ ಶುಂಠಿ, ತುಳಸಿ, ಬೆಲ್ಲ ಹಾಕಿ ಟೀ ಕಾಯಿಸಿ, ನಿಂಬೆ ಹಿಂಡಿ, ಮಡಕೆಯಲ್ಲಿ ತಣಿಯಲು ಇಡುತ್ತಿದ್ದಳು. ಸಾವಿರದ ಒಂಬೈನೂರ ಐವತ್ತೆರಡರ ಬೇಸಿಗೆಯಲ್ಲೊಂದು ದಿನ ಅವನು ಮೊದಲ ಸಲ ಮರದ ಹೊಟ್ಟಿನಲ್ಲಿ ಸುತ್ತಿದ ಐಸ್ ತಂದ. ಅವಳು ಹಿಗ್ಗಿದಳು. ಆದರೆ ಗಾಡಿಯಿಂದ ಹುಡುಗಿಯೊಬ್ಬಳೂ ಇಳಿದಳು, ಕೊರಳಲ್ಲಿ ಹೊಸ ತಾಳಿ.

"ಇವಳು ಮಂಗಮ್ಮ. ನಿಂಗೆ ಮಕ್ಕಳಾಗಲಿಲ್ವಲ್ಲ, ಕಟ್ಕೊಂಡೆ. ಬಿಸಿಲಿಗೆ ಸುಸ್ತಾಗವ್ಳೆ, ಐಸ್ ಹಾಕಿ ಟೀ ಕೊಡು."

ಅಮ್ಮಾಜಮ್ಮ ಕೊಟ್ಟಳು. ಹುಡುಗಿ ಒಂದೇ ಗುಟುಕಿಗೆ ಕುಡಿದು, "ಜೀವ ಬಂತಕ್ಕಾ" ಎಂದಳು. ಅವಳನ್ನು ದ್ವೇಷಿಸಲೂ ಅಮ್ಮಾಜಮ್ಮನಿಗೆ ಆಗಲಿಲ್ಲ.

"ನಂಗೆಲ್ಲಿ?" ಎಂದ ಚನ್ನಕೇಶವ.

ಉಳಿದದ್ದನ್ನು ಅಮ್ಮಾಜಮ್ಮ ತಾನೇ ಕುಡಿದಳು. "ಇನ್ಮೇಲೆ ಅವಳ ಕೈಲೇ ಮಾಡಿಸ್ಕೊಳ್ಳಿ" ಎಂದು ಹೇಳಿ, ರೇಷ್ಮೆಹುಳುಗಳಿಗೆ ಹಿಪ್ಪುನೇರಳೆ ಸೊಪ್ಪು ತರಲು ತೋಟಕ್ಕೆ ಹೊರಟಳು. ಹೋಗಲು ಅವಳಿಗೆ ಬೇರೆ ಮನೆಯಿರಲಿಲ್ಲ.